ಆಡಿದ ಮಾತಿನ ಹೊಣೆ

(ಶತಮಾನೋತ್ಸವದ ಪೂರ್ವಭಾವಿ ಧ್ಯಾನಕೂಟದಲ್ಲಿ ನೀಡಿದ ಉಪನ್ಯಾಸ)



ನಮ್ಮ ದೇವಾಲಯಕ್ಕೆ ನೂರು ತುಂಬುವ ಈ ಶುಭಸಂದರ್ಭದಲ್ಲಿ ಇದರ ಗೋಡೆ, ಗೋಪುರ, ಗಂಟೆಗಳ ಕುರಿತು ಬಲ್ಲವರು ಮಾತನಾಡುವರು. ಈ ಗೋಡೆಗಳ ಒಳಗೂ ಹೊರಗಿನ ಅಂಗಳದಲ್ಲಿಯೂ ನಾವಾಡುವ ಮಾತನ್ನು ಕುರಿತು ಕೆಲವು ವಿಚಾರಗಳನ್ನು ನಿಮ್ಮ ಮುಂದಿಡಬಯಸುತ್ತೇನೆ.

ಬಲಿಪೂಜೆಯ ಆರಂಭದಲ್ಲಿ ನಾವೆಲ್ಲರೂ ಒಟ್ಟಾಗಿ ಪಾಪಗಳನ್ನು ಒಪ್ಪಿಕೊಳ್ಳುತ್ತೇವೆ. ನೂರಾರು ಕಂಠಗಳು ಒಂದಾಗಿ ನುಡಿದರೂ ಆ ಪ್ರಾರ್ಥನೆಯ ಕರ್ತೃಪದ 'ನಾವು' ಅಲ್ಲ, 'ನಾನು'. ಆಲೋಚನೆ, ಮಾತು, ಕೃತಿ, ಕರ್ತವ್ಯಲೋಪ ಎಂಬ ನಾಲ್ಕರಲ್ಲಿ ಮಾತು ಎರಡನೆಯದು. ಎದೆ ಬಡಿದುಕೊಳ್ಳುವಾಗ ಯಾರ ಕೈಯೂ ಪಕ್ಕದವನ ಎದೆಯತ್ತ ಹೋಗುವುದಿಲ್ಲ. ಆದರೆ ಪೂಜೆ ಮುಗಿದು ಅಂಗಳಕ್ಕೆ ಇಳಿದೊಡನೆ ಆ 'ನಾನು' ಎಲ್ಲಿಯೋ ಮರೆಯಾಗಿ, ಅದರ ಸ್ಥಾನದಲ್ಲಿ 'ಅಂತೆ' ಬಂದು ಕುಳಿತುಕೊಳ್ಳುತ್ತದೆ. ಅವರ ಮಗಳು ಹಾಗಂತೆ, ಇವರ ಲೆಕ್ಕ ಹೀಗಂತೆ. ನಮ್ಮ ಕನ್ನಡದ ಈ ಎರಡಕ್ಷರ ಬಹು ಅನುಕೂಲವಾದುದು. ಮಾತು ನನ್ನ ಬಾಯಿಂದ ಹೊರಟರೂ ಅದರ ಒಡೆಯ ನಾನಲ್ಲವೆಂದು ಸಾರುತ್ತದೆ.

ಶುಭಸಂದೇಶವು ಇಂತಹ ರಿಯಾಯಿತಿಯನ್ನು ನಮಗೆ ಕೊಟ್ಟಿಲ್ಲ. ನಿರರ್ಥಕವಾಗಿ ಆಡಿದ ಮಾತಿಗೂ ನ್ಯಾಯತೀರ್ಪಿನ ದಿನ ಲೆಕ್ಕ ಒಪ್ಪಿಸಬೇಕೆಂದು ಯೇಸುಸ್ವಾಮಿ ಎಚ್ಚರಿಸುವುದನ್ನು ಸಂತ ಮತ್ತಾಯನ ಹನ್ನೆರಡನೆಯ ಅಧ್ಯಾಯದಲ್ಲಿ ಕಾಣುತ್ತೇವೆ. ಸುಳ್ಳಾಡಿದವನು ಮಾತ್ರವೇ ಅಪರಾಧಿ ಎಂಬುದು ನಮ್ಮಲ್ಲಿ ಹಲವರ ಎಣಿಕೆ. ಧರ್ಮಸಭೆಯ ಬೋಧನೆ ಅದಕ್ಕಿಂತ ಕಟ್ಟುನಿಟ್ಟಾದುದು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥವು ಎಂಟನೆಯ ಆಜ್ಞೆಯನ್ನು ವಿವರಿಸುತ್ತ, ಸುಳ್ಳು ಆಪಾದನೆಯ ಜೊತೆಗೆ, ನಿಜವೇ ಆದ ದೋಷವನ್ನು ತಕ್ಕ ಕಾರಣವಿಲ್ಲದೆ ಅರಿಯದವರಿಗೆ ಅರುಹುವುದನ್ನೂ, ಆಧಾರವಿಲ್ಲದೆ ಪರರ ದೋಷವನ್ನು ಮನದಲ್ಲೇ ನಂಬಿಬಿಡುವುದನ್ನೂ ತಪ್ಪೆಂದೇ ಎಣಿಸುತ್ತದೆ. 'ಇದ್ದದ್ದನ್ನೇ ಹೇಳಿದೆ' ಎಂಬುದು ಬಿಡುಗಡೆಯ ಚೀಟಿಯಲ್ಲ. ಮೊಬೈಲಿಗೆ ಬಂದದ್ದನ್ನು ಮುಂದಕ್ಕೆ ಕಳುಹಿಸಿದೆನಷ್ಟೇ ಎಂಬುದೂ ಅಲ್ಲ. ಅನ್ಯಾಯವನ್ನು ಕಂಡೂ ಬಾಯಿ ಮುಚ್ಚಿಕೊಂಡಿರಿ ಎಂದು ನಾನು ಹೇಳುತ್ತಿಲ್ಲ. ಅದನ್ನು ಹೇಳಬೇಕಾದ ಸ್ಥಳದಲ್ಲಿ, ನಮ್ಮ ಹೆಸರಿಟ್ಟೇ ಹೇಳಬೇಕು.

ಪಾಪನಿವೇದನೆಯಲ್ಲಿ ಕ್ಷಮೆ ದೊರೆತ ಮೇಲೂ, ಕೆಡಿಸಿದ ಹೆಸರನ್ನು ಸರಿಪಡಿಸುವ ಋಣ ಉಳಿದೇ ಇರುತ್ತದೆಂದು ಅದೇ ಗ್ರಂಥ ಹೇಳುತ್ತದೆ. ಹದಿನಾರನೆಯ ಶತಮಾನದಲ್ಲಿ ರೋಮಿನಲ್ಲಿದ್ದ ಸಂತ ಫಿಲಿಪ್ ನೇರಿಯವರು ಚಾಡಿಕೋರ ಮಹಿಳೆಯೊಬ್ಬಳಿಗೆ ಕೋಳಿಯ ಗರಿಗಳನ್ನು ಬೀದಿಯುದ್ದಕ್ಕೂ ಚೆಲ್ಲಲು ಹೇಳಿ, ಬಳಿಕ ಅವನ್ನೆಲ್ಲ ಹೆಕ್ಕಿ ತರಲು ಹೇಳಿದರಂತೆ. (ಇಲ್ಲಿ ನಾನೂ 'ಅಂತೆ' ಎನ್ನಲೇಬೇಕು; ಇದು ಬಾಯಿಂದ ಬಾಯಿಗೆ ಬಂದ ಕಥೆ.)

ಗರಿ ಹೆಕ್ಕುವ ಆ ಕೆಲಸ ನನ್ನ ಪಾಲಿಗೂ ಬಂದಿತ್ತು. ಹಲವು ವರ್ಷಗಳ ಹಿಂದೆ, ಬೇರೊಂದು ಊರಿನಲ್ಲಿದ್ದಾಗ, ಹಬ್ಬದ ವಂತಿಗೆಯ ಲೆಕ್ಕ ನೋಡುತ್ತಿದ್ದ ಹಿರಿಯರೊಬ್ಬರ ವಿಷಯದಲ್ಲಿ 'ಹಣ ಕಡಿಮೆ ಬಿದ್ದಿದೆಯಂತೆ' ಎಂದು ಆಡಿಬಿಟ್ಟೆ. ಕಡಿಮೆ ಬಿದ್ದಿರಲಿಲ್ಲ, ಒಂದು ರಸೀತಿ ಪುಸ್ತಕ ಬೇರೊಬ್ಬರ ಬಳಿ ಉಳಿದಿತ್ತು. ಅದು ತಿಳಿಯುವಷ್ಟರಲ್ಲಿ ಅವರು ಗಾಯನವೃಂದವನ್ನು ಬಿಟ್ಟು, ಕೊನೆಯ ಬೆಂಚಿನಲ್ಲಿ ಕುಳಿತು, ಎಲ್ಲರಿಗಿಂತ ಮೊದಲೇ ಎದ್ದುಹೋಗಲಾರಂಭಿಸಿದ್ದರು. ಪಾಪನಿವೇದನೆಗೆ ಹೋದೆ. ಎಷ್ಟು ಮಂದಿಗೆ ಹೇಳಿದಿರಿ ಎಂದು ಗುರುಗಳು ಕೇಳಿದರು. ಏಳು ಮಂದಿಗೆ ಎಂದೆ. ಹಾಗಾದರೆ ಆ ಏಳು ಮನೆಗಳಿಗೆ ಹೋಗಿ ಬನ್ನಿ ಎಂದರು.

ಹೋದೆ. ಕೆಲವರು 'ಅಯ್ಯೋ, ಅದು ಮರೆತೇ ಹೋಗಿತ್ತು' ಎಂದು ಕಾಫಿ ಕೊಟ್ಟರು. ಒಬ್ಬರು ಮಾತ್ರ, ನನ್ನ ಮಾತನ್ನು ನಂಬಿ ಮಗನ ಮದುವೆಗೆ ಆ ಹಿರಿಯರನ್ನು ಕರೆಯಲಿಲ್ಲ ಎಂದರು. ಏಳನೆಯವರು ಊರು ಬಿಟ್ಟು ಹೋಗಿದ್ದರು, ವಿಳಾಸ ದೊರೆಯಲಿಲ್ಲ.

ಕಡೆಗೆ ಆ ಹಿರಿಯರ ಮನೆಯ ಬಾಗಿಲು ತಟ್ಟಿದೆ. ನಾನು ಹೇಳಿದ್ದನ್ನೆಲ್ಲ ಕೇಳಿ, ಒಳಗೆ ಹೋಗಿ ಆ ವರ್ಷದ ಲೆಕ್ಕದ ಪುಸ್ತಕವನ್ನು ತಂದು ನನ್ನ ಮುಂದಿಟ್ಟರು. "ನೀವೇ ಒಮ್ಮೆ ಕೂಡಿ ನೋಡಿ" ಎಂದರು. ಕೂಡಿದೆ. ಸರಿಯಾಗಿತ್ತು. ಅವರು ಪುಸ್ತಕವನ್ನು ಮುಚ್ಚಿ, ನನ್ನನ್ನು ಗೇಟಿನವರೆಗೆ ಬಿಟ್ಟುಬಂದರು. ಮುಂದಿನ ಭಾನುವಾರವೂ ಅವರು ಕುಳಿತದ್ದು ಕೊನೆಯ ಬೆಂಚಿನಲ್ಲಿಯೇ.