ನದಿಯ ಪಕ್ಕದ ಕೋಣೆಗಳು
(ವಾರ್ಷಿಕ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಊಟಕ್ಕೆ ಮುಂಚೆ ಮಾತಾಡು ಅಂತ ನಿಲ್ಲಿಸಿದ್ದಾರೆ, ಹಾಗಾಗಿ ಎಳೆಯೋದಿಲ್ಲ. ಮುಂದಿನ ರಜೆಯಲ್ಲಿ ಸಬಾ ಪ್ರವಾಸ ಹೋಗೋಣ ಅಂತ ಮಾತು ನಡೀತಿದೆಯಲ್ಲ, ಅಲ್ಲಿಯ ಒಂದು ನದಿಯ ವಿಷಯ ಹೇಳ್ತೀನಿ.

ಕಿನಬತಾಂಗನ್ ನದಿ. ಉದ್ದ 560 ಕಿಲೋಮೀಟರ್. ಮಲೇಷ್ಯಾದಲ್ಲಿ ರಜಾಂಗ್ ಬಿಟ್ಟರೆ ಇದೇ ಉದ್ದದ್ದು. ಜನ ಅಲ್ಲಿಗೆ ಆನೆ, ಒರಾಂಗುಟಾನ್, ಉದ್ದ ಮೂಗಿನ ಕೋತಿ ನೋಡೋಕೆ ಹೋಗ್ತಾರೆ. ನಾನು ಹೇಳೋದು ಮೀನಿನ ಕಥೆ.

ಸಮತಟ್ಟು ನೆಲಕ್ಕೆ ಬಂದ ನದಿ ಹಾವಿನ ಹಾಗೆ ಬಳುಕುತ್ತದೆ. ಬಳುಕು ಅತಿಯಾದಾಗ ನೆರೆ ನೀರು ತಿರುವಿನ ಕುತ್ತಿಗೆಯನ್ನೇ ಕಡಿದು ನೇರ ದಾರಿ ಹಿಡಿಯುತ್ತದೆ. ಹಳೇ ತಿರುವು ಕುದುರೆ ಲಾಳದ ಆಕಾರದ ಕೆರೆಯಾಗಿ ಪಕ್ಕದಲ್ಲೇ ಉಳಿಯುತ್ತದೆ. ಮಳೆಗಾಲದಲ್ಲಿ ನದಿ ಉಕ್ಕಿ ಕೆರೆಗೆ ನುಗ್ಗಿದಾಗ ಮೀನೂ ಒಳಗೆ ಬರುತ್ತದೆ. ಅಲ್ಲಿ ಸೆಳೆತವಿಲ್ಲ, ತಿನ್ನೋಕೆ ಹುಳು-ಹುಪ್ಪಟೆ ಇದೆ, ಮರಿಗಳಿಗೆ ಅಡಗೋಕೆ ಬೇರು-ಬಿಳಲು ಇದೆ. ಒಂಥರಾ ಬಾಣಂತಿ ಕೋಣೆ. ಸುಶಿ ಅಂಗಡಿಯಲ್ಲಿ ನಾವು ತಿನ್ನುವ ಸಾಲ್ಮನ್‌ನ ಬಳಗದಲ್ಲೂ ಇದೇ ಕಥೆ. ಅಮೆರಿಕ, ಕೆನಡಾದ ಪಶ್ಚಿಮ ಕರಾವಳಿಯ ಕೋಹೋ ಸಾಲ್ಮನ್ ಮರಿಗಳು ಚಳಿಗಾಲ ಕಳೆಯೋದು ಇಂಥ ಪಕ್ಕದ ಕಾಲುವೆ, ಕೊಳಗಳಲ್ಲಿ. ಅಲ್ಲಿಯವರು ಒಡ್ಡು ಕಟ್ಟಿ, ನದಿ ನೇರ ಮಾಡಿ, ಅವನ್ನೆಲ್ಲ ಕಡಿದುಹಾಕಿದರು. ಈಗ ಜೆಸಿಬಿ ತಂದು ಮತ್ತೆ ತೋಡಿ ಜೋಡಿಸ್ತಿದ್ದಾರೆ.

ಸಬಾದಲ್ಲಿ ಬಾತು ಪುತೆ ಅನ್ನೋ ಊರಿದೆ. ಅಲ್ಲಿಯವರು ಒರಾಂಗ್ ಸುಂಗೈ, ಅಂದರೆ ನದಿಯ ಜನ. ಊರಿನ ಹತ್ತಿರ ತುಂಗೋಗ್ ಅಂತ ಅಂಥದೇ ಒಂದು ಲಾಳದ ಕೆರೆ. ಅದನ್ನು ಸಾಲ್ವೀನಿಯಾ ಕಳೆ ಮುಚ್ಚಿಬಿಟ್ಟಿತು. ನಮ್ಮೂರ ಕೆರೆಯ ಅಂತರಗಂಗೆ ನೆನಪು ಮಾಡಿಕೊಳ್ಳಿ. ಇದು ಜರೀಗಿಡದ ಜಾತಿ, ಬ್ರೆಜಿಲ್ ಮೂಲ. ಕೇರಳದವರು ಆಫ್ರಿಕನ್ ಪಾಯಲ್ ಅಂತಾರೆ, ಪಾಪ ಆಫ್ರಿಕಾಕ್ಕೆ ಸುಮ್ಮನೆ ಕೆಟ್ಟ ಹೆಸರು. ಬೀಜ ಬೇಕಿಲ್ಲ, ಮುರಿದ ಒಂದು ತುಂಡು ಸಾಕು, ಮತ್ತೆ ಹಬ್ಬುತ್ತದೆ. ಚಾಪೆ ಹಾಸಿದ ಹಾಗೆ ನೀರು ಮುಚ್ಚಿದರೆ ಕೆಳಗೆ ಬೆಳಕಿಲ್ಲ, ಆಮ್ಲಜನಕ ಇಲ್ಲ. ಗಾಳಿ ನುಂಗಿ ಬದುಕುವ ಹಾರುವಾನ್ ಹೇಗೋ ತಾಳಿಕೊಂಡೀತು. (ಆಪರೇಷನ್ ಆದವರಿಗೆ ಇಲ್ಲಿಯವರು ಸೂಪು ಮಾಡಿ ಕೊಡ್ತಾರಲ್ಲ, ಅದೇ ಮೀನು.) ಉಳಿದವು ಏನು ಮಾಡಬೇಕು?

ಊರವರ ಸಹಕಾರ ಸಂಘ ಕೋಪೆಲ್. ಪ್ರವಾಸಿಗರಿಗೆ ಮನೆಯಲ್ಲಿ ಉಳಿಯೋಕೆ ಜಾಗ ಕೊಟ್ಟು ಬಂದ ದುಡ್ಡಲ್ಲಿ ಕಾಡು ನೆಡುತ್ತಾರೆ, ಕೆರೆ ನೋಡಿಕೊಳ್ಳುತ್ತಾರೆ. ಈ ಕಳೆಯನ್ನು ಕೈಯಿಂದಲೇ ಎಳೆದು ದಡಕ್ಕೆ ಹಾಕಿದರು. ಒಂದು ಸಲ ತೆಗೆದರೆ ಮುಗಿಯುವ ಕೆಲಸವಲ್ಲ ಇದು. ಉಳಿದ ಚೂರಿನಿಂದ ಮತ್ತೆ ಬರುತ್ತೆ, ನೆರೆಯಲ್ಲಿ ಹೊಸದು ತೇಲಿ ಬರುತ್ತೆ. ಫೋಟೋ ತೆಗೆಸಿಕೊಂಡು ಹೋಗುವ ಶ್ರಮದಾನ ನಾವೂ ಎಷ್ಟು ನೋಡಿಲ್ಲ! ಕೆರೆ ಉಳಿಯೋದು ಮರುವರ್ಷವೂ ನೀರಿಗಿಳಿಯುವವರಿಂದ.

ಇನ್ನೊಂದು ದಾರಿಯೂ ಇದೆ, ಅದರಲ್ಲಿ ನಮ್ಮ ಬೆಂಗಳೂರಿನ ಹೆಸರು ಬರುತ್ತೆ. ಈ ಕಳೆಯನ್ನಷ್ಟೇ ತಿಂದು ಬದುಕುವ ಒಂದು ಪುಟ್ಟ ಮೂತಿಹುಳು ಬ್ರೆಜಿಲ್‌ನಲ್ಲೇ ಸಿಕ್ಕಿತು. 1980ರಲ್ಲಿ ಆಸ್ಟ್ರೇಲಿಯಾದವರು ಬಿಟ್ಟು ಗೆದ್ದರು. ಪಪುವಾ ನ್ಯೂಗಿನಿಯ ಸೆಪಿಕ್ ನದಿಯ ಪಕ್ಕದ ಕೆರೆಗಳಲ್ಲಿ ದೋಣಿ ಹೋಗದೆ ಜನ ಊರೇ ಬಿಡುವ ಸ್ಥಿತಿ ಇತ್ತು, ಅಲ್ಲೂ ಇದೇ ಹುಳ ನೀರು ಬಿಡಿಸಿತು. ಭಾರತಕ್ಕೆ ತಂದಾಗ 1983-84ರಲ್ಲಿ ಮೊದಲು ಬಿಟ್ಟದ್ದು ಬೆಂಗಳೂರಿನ ಒಂದು ನೈದಿಲೆ ಕೊಳದಲ್ಲಿ. 11 ತಿಂಗಳಲ್ಲಿ ಕಳೆ ಹತೋಟಿಗೆ ಬಂತು, ಆಮೇಲೆ ಕೇರಳಕ್ಕೆ ಹೋಯಿತು. ಹುಳ ಅಂದರೆ ಮೂಗು ಮುರೀಬೇಡಿ. ತಾಳೆ ತೋಟದಲ್ಲಿ ಕೆಲಸ ಮಾಡುವ ಅಣ್ಣಂದಿರಿಗೆ ಗೊತ್ತು, 1981ರಲ್ಲಿ ಕ್ಯಾಮರೂನಿನ ಮೂತಿಹುಳು ಬರುವ ತನಕ ಇಲ್ಲಿ ಪರಾಗಸ್ಪರ್ಶ ಮನುಷ್ಯರ ಕೈಕೆಲಸವಾಗಿತ್ತು.

ತೋಟದವರ ಮಾತು ಬಂತು, ಹೇಳಿಯೇ ಬಿಡ್ತೀನಿ. ಕಳೆ ಕೊಬ್ಬೋದು ಗೊಬ್ಬರ ಕರಗಿದ ನೀರಲ್ಲಿ. 3 ಮೀಟರ್ ಮತ್ತು ಅದಕ್ಕಿಂತ ಅಗಲದ ನದಿಗಳ ದಂಡೆಯಲ್ಲಿ 20 ಮೀಟರ್ ಜಾಗವನ್ನು ಸಬಾದ 1998ರ ಜಲಸಂಪನ್ಮೂಲ ಕಾಯ್ದೆ ಕಾಪಾಡುತ್ತದೆ. ನಮ್ಮಲ್ಲಿ ಸೂಪರ್‌ವೈಸರ್‌ಗಳಿದ್ದೀರಿ, ಲೆಕ್ಕ ಬರೆಯುವವರಿದ್ದೀರಿ. ಕೆಲಸ ಕಳಕೊಳ್ಳುವ ಹಾಗೆ ಜಗಳ ಆಡಿ ಅಂತ ನಾನು ಹೇಳೋದಿಲ್ಲ, ವೀಸಾ ಯಾರ ಕೈಯಲ್ಲಿದೆ ಅಂತ ಎಲ್ಲರಿಗೂ ಗೊತ್ತು. ಆದರೆ ಗೊಬ್ಬರ ಹಾಕಿಸುವ ದಿನ ಆ 20 ಮೀಟರ್ ಬಿಟ್ಟು ಹಾಕ್ಸಿ ಅನ್ನೋಕೆ, ಮಳೆ ಮೋಡ ಕಂಡರೆ ನಾಳೆ ಹಾಕೋಣ ಅನ್ನೋಕೆ ನಮಗೆ ಆಗುತ್ತೆ.

ಪ್ರವಾಸದ ವಿಷಯ. ನಾಲ್ಕು ದಿನದಲ್ಲಿ ಒಂದು ಬೆಳಗ್ಗೆ ಬಾತು ಪುತೆಗೆ ಇಡೋಣ ಅಂತ ನನ್ನ ಕೋರಿಕೆ. ಆಗ ಕಳೆ ಇದ್ದರೆ ಊರವರ ಜೊತೆ ಎಳೆಯೋಣ, ಇಲ್ಲದಿದ್ದರೆ ಗಿಡ ನೆಡೋಣ. ಹಳೇ ಬಟ್ಟೆ ತನ್ನಿ, ಜಿಗಣೆ ಇರುತ್ತೆ, ಉದ್ದ ಸಾಕ್ಸ್ ಬೇಕು. ಮೊಸಳೆಯೂ ಇರೋ ನದಿ, ಊರವರು ತೋರಿಸಿದ ಕಡೆ ಬಿಟ್ಟು ಬೇರೆಲ್ಲೂ ಇಳಿಯೋ ಹಾಗಿಲ್ಲ, ಮಕ್ಕಳ ಕೈ ಹಿಡಿದಿರಿ. ಬರುವವರು ಊಟದ ಸಾಲಿನಲ್ಲೇ ನನಗೆ ಹೆಸರು ಕೊಡಿ, ದೋಣಿ ಎಷ್ಟು ಬೇಕು ಅಂತ ಅವರಿಗೆ ಮೊದಲೇ ತಿಳಿಸಬೇಕು.