ಎಂಟುನೂರು ಕಿಲೋಮೀಟರ್, ಮತ್ತೆ ಕೊನೆಯ ಎರಡು

(ಮಹಿಳಾ ವೇದಿಕೆಯ ರಾಜ್ಯೋತ್ಸವ ಕೂಟದಲ್ಲಿ ಮಾಡಿದ ಮಾತಿನ ಬರಹರೂಪ)

ಅಕ್ಕಂದಿರೇ, ತಂಗಿಯರೇ, ಹಿಂದಿನ ಸಾಲಿನಲ್ಲಿ ಊಟಕ್ಕಾಗಿ ಕಾಯುತ್ತಿರುವ ಅಣ್ಣಂದಿರೇ,

ಇವತ್ತು ನಾನು ಕಾರಿನ ಬಗ್ಗೆ ಮಾತಾಡುತ್ತೇನೆ ಎಂದಾಗ ನಮ್ಮವರು, "ಹೆಂಗಸರ ಸಭೆಯಲ್ಲಿ ಕಾರಾ?" ಎಂದು ನಕ್ಕರು. ಯಾಕಾಗಬಾರದು? ಇಎಂಐಗೆ ಅರ್ಧ ದುಡ್ಡು ಹಾಕುವವರು ನಾವು. ಘಾಟಿಯಲ್ಲಿ ಮಗುವಿಗೆ ವಾಂತಿ ಬಂದರೆ ಕವರ್ ಹಿಡಿಯುವವರೂ ನಾವು. ಆದರೆ ಶೋರೂಮಿಗೆ ಹೋದರೆ ನಮ್ಮನ್ನು ಕೇಳುವುದು ಒಂದೇ ಪ್ರಶ್ನೆ: "ಮೇಡಂ, ಯಾವ ಬಣ್ಣ?"

ನಿಮಗೆ ಗೊತ್ತಿರುವ ಹಾಗೆ ನಾವಿರುವುದು ಕೊಂಡಪಲ್ಲಿಯಲ್ಲಿ. ದಸರಾ ಗೊಂಬೆ ಕೂರಿಸುವವರಿಗೆ ಈ ಊರಿನ ಪರಿಚಯ ಬೇಕಿಲ್ಲ. ಹಗುರವಾದ ಪೊನಿಕಿ ಮರದಲ್ಲಿ ಕೆತ್ತಿದ ಅಂಬಾರಿ ಆನೆ, ಎತ್ತಿನ ಗಾಡಿ ಎಲ್ಲರ ಮನೆಯಲ್ಲೂ ಇರುತ್ತವೆ. ಊರಿನ ಮೇಲಿರುವ ಕೋಟೆಯನ್ನು 16ನೆಯ ಶತಮಾನದ ಆರಂಭದಲ್ಲಿ ಕೃಷ್ಣದೇವರಾಯ ಗೆದ್ದುಕೊಂಡ. ಹಂಪಿಯಿಂದ ಇಲ್ಲಿಯವರೆಗೆ ಬಂದ ರಾಯನಿಗೆ ಆನೆ, ಕುದುರೆ ಇದ್ದವು, ಬಜೆಟ್ಟಿನ ಚಿಂತೆ ಇರಲಿಲ್ಲ. ನಮಗಿದ್ದದ್ದು ಒಂದು ಹಳೆಯ ಸಣ್ಣ ಕಾರು, ಮತ್ತೆ ಕೂಡಿಟ್ಟ ಎಂಟು ಲಕ್ಷ ರೂಪಾಯಿ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಅತ್ತೆಯವರ ಮನೆ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ. ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದಾದ ಹುಲಿಕಲ್ ಇರುವ ತಾಲ್ಲೂಕು ಅದು. ಇಲ್ಲಿಂದ ಗುಂಟೂರು, ಗಿದ್ದಲೂರು ದಾಟಿ, ನಲ್ಲಮಲ ಕಾಡಿನ ಘಾಟಿ ಇಳಿದು ನಂದ್ಯಾಲ, ಅಲ್ಲಿಂದ ಬಳ್ಳಾರಿ, ಚಿತ್ರದುರ್ಗ, ಶಿವಮೊಗ್ಗ. ಎಂಟುನೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಅದೆಲ್ಲ ಡಾಂಬರು. ಕೊನೆಯ ಎರಡು ಕಿಲೋಮೀಟರ್ ಮಾತ್ರ ಕೆಂಪು ಮಣ್ಣಿನ ದಾರಿ, ಅದರಲ್ಲಿ ಇನ್ನೂರು ಮೀಟರ್ ಕಡಿದಾದ ಏರು. ಒಂದು ಕಡೆ ದರೆ, ಇನ್ನೊಂದು ಕಡೆ ಗದ್ದೆ.

ಅತ್ತೆಗೆ 2023ರಲ್ಲಿ ಎರಡೂ ಮಂಡಿಗೆ ಆಪರೇಷನ್ ಆಯಿತು. ಮರುವರ್ಷ ಜುಲೈಯಲ್ಲಿ ಅವರನ್ನು ಕರೆದುಕೊಂಡು ಹೋದೆವು. ಆ ಏರಿನ ಅರ್ಧದಲ್ಲಿ ಕಾರಿನ ಚಕ್ರ ಗಿರ್ರನೆ ತಿರುಗಿತು, ಕಾರು ನಿಧಾನಕ್ಕೆ ಹಿಂದಕ್ಕೆ ಜಾರಿತು. ಸ್ಟಿಯರಿಂಗ್ ನನ್ನ ಕೈಯಲ್ಲಿತ್ತು. ಹಿಂದಿನ ಸೀಟಿನಲ್ಲಿ ಎರಡು ಮಕ್ಕಳು ಮತ್ತು ಅತ್ತೆ. ಹೇಗೋ ದರೆಯ ಕಡೆಗೆ ತಿರುಗಿಸಿ ನಿಲ್ಲಿಸಿದೆ. ಆ ಮಳೆಯಲ್ಲಿ ಅವರು ನಡೆದು ಹತ್ತುವ ಹಾಗಿರಲಿಲ್ಲ. ಹೊಸನಗರದ ನೆಂಟರ ಮನೆಯಲ್ಲಿ ರಾತ್ರಿ ಕಳೆದು ವಾಪಸ್ ಬಂದೆವು. ಮುಂದಿನ ಸಲ ಊರಿಗೆ ಹೊರಟಾಗ ಅತ್ತೆ, "ನೀವು ಹೋಗಿ ಬನ್ನಿ, ನಾನು ಇಲ್ಲೇ ಇರ್ತೀನಿ" ಎಂದರು. ನಲವತ್ತೈದು ವರ್ಷ ಬಾಳಿದ ಮನೆ. ಅವರು ಬೇರೇನೂ ಹೇಳಲಿಲ್ಲ. ಅದೇ ನನಗೆ ಕಷ್ಟವಾಯಿತು.

"ಕೆಳಗಿನಿಂದ ಬಾಡಿಗೆ ಜೀಪು ಮಾಡಬಹುದಿತ್ತಲ್ಲ?" ಎಂದು ನೀವು ಕೇಳಬಹುದು. ಖಂಡಿತ. ವರ್ಷಕ್ಕೆ ಎರಡು ಸಲ ಹೋಗುವವರು, ಜೊತೆಯಲ್ಲಿ ಹಿರಿಯರಿಲ್ಲದವರು ಜೀಪು ಬಾಡಿಗೆಗೆ ತೆಗೆದುಕೊಳ್ಳಿ, ಕಾರು ಕೊಳ್ಳಲು ಹೋಗಬೇಡಿ. ಅದರಷ್ಟು ಅಗ್ಗದ ದಾರಿ ಇನ್ನೊಂದಿಲ್ಲ. ನಾವೂ ಒಮ್ಮೆ ನೋಡಿದೆವು. ಜೀಪಿನ ಮೆಟ್ಟಿಲಿಗೆ ಅತ್ತೆಯ ಕಾಲು ಏರಲಿಲ್ಲ. ಅಲ್ಲದೆ ಅವರಿಗೆ ರಾತ್ರಿ ಏನಾದರೂ ಆದರೆ ಗಾಡಿ ಮೇಲಿಂದ ಕೆಳಗೂ ಬರಬೇಕು.

ಹಾಗಾಗಿ ಮೊದಲು ಕಾರು ನೋಡಲಿಲ್ಲ, ದಾರಿ ಅಳೆದೆವು. ಊರಲ್ಲಿರುವ ಮೈದುನ ಟೇಪು ಹಿಡಿದು ದಾರಿಯ ನಡುವಿನ ದಿಣ್ಣೆ ಅಳೆದ: ಹೆಚ್ಚೆಂದರೆ 18 ಸೆಂಟಿಮೀಟರ್. ಸಣ್ಣ ಕಾರುಗಳ ಹೊಟ್ಟೆ ನೆಲದಿಂದ ಸಾಮಾನ್ಯವಾಗಿ 16-17 ಸೆಂಟಿಮೀಟರ್ ಮೇಲಿರುತ್ತದೆ. ಜನ, ಸಾಮಾನು ತುಂಬಿದರೆ ಇನ್ನೂ ಕೆಳಗೆ ಕೂರುತ್ತದೆ. ಅಂದರೆ ನಮಗೆ 20ಕ್ಕಿಂತ ಹೆಚ್ಚು ಬೇಕು.

ಎರಡನೆಯದು ಹಿಡಿತ. ಸಣ್ಣ ಕಾರುಗಳನ್ನು ಎಳೆಯುವುದು ಮುಂದಿನ ಚಕ್ರಗಳು. ಏರು ಹತ್ತುವಾಗ ಭಾರ ಹಿಂದಕ್ಕೆ ಸರಿಯುತ್ತದೆ, ಮುಂದಿನ ಚಕ್ರಗಳ ಹಿಡಿತ ತಪ್ಪುತ್ತದೆ. ಒಂದು ಚಕ್ರ ಜಾರಿದರೆ ಎಂಜಿನ್ನಿನ ಶಕ್ತಿಯೆಲ್ಲ ಆ ಜಾರುವ ಚಕ್ರದಲ್ಲೇ ವ್ಯರ್ಥವಾಗುತ್ತದೆ. ನಾವು ಆಕ್ಸಿಲರೇಟರ್ ಒತ್ತಿದಷ್ಟೂ ಅದು ಮಣ್ಣನ್ನು ಕೆರೆಯುತ್ತದೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋದರೆ ಈ ಕಷ್ಟ ಬಹಳ ಕಡಿಮೆಯಾಗುತ್ತದೆ.

ಮೂರನೆಯದು ನಾವು ಐದು ಜನ. ಅತ್ತೆಗೆ ಸ್ವಂತ ಬಾಗಿಲು ಬೇಕು. ನಾಲ್ಕು ವರ್ಷದ ಮಗನಿಗೆ ಚೈಲ್ಡ್ ಸೀಟ್ ಬೇಕು. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. ನಮ್ಮವರು ಕಳಿಸಿದ ಪ್ರತಿಯೊಂದು ವೀಡಿಯೊ ಆ ಹಾಳೆಯ ಪರೀಕ್ಷೆ ಪಾಸಾಗಬೇಕಿತ್ತು.

ಅವರ ಕನಸು ಥಾರ್. 2020ರಲ್ಲಿ ಬಂದ ಥಾರ್‌ಗೆ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ನಾಲ್ಕು ಸ್ಟಾರ್ ಬಂದಿದೆ, 650 ಮಿಲಿಮೀಟರ್ ನೀರಿನಲ್ಲಿ ಸಾಗಬಲ್ಲದು. ಒಳ್ಳೆಯ ಗಾಡಿ. ಆದರೆ ಹಿಂದೆ ಬಾಗಿಲಿಲ್ಲ. ಮುಂದಿನ ಸೀಟು ಮಡಚಿ, ನುಸುಳಿ ಹೋಗಬೇಕು. ಕೂರುವುದಕ್ಕೂ ನಾಲ್ಕೇ ಜನ. ಐದು ಬಾಗಿಲಿನ ಥಾರ್ ರಾಕ್ಸ್ 2024ರ ಆಗಸ್ಟಿನಲ್ಲಿ ಬಂದಾಗ ಅದರ ಆರಂಭದ ಬೆಲೆಯೇ 12.99 ಲಕ್ಷ, ಅದೂ ಎರಡೇ ಚಕ್ರ ಎಳೆಯುವ ಮಾದರಿಗೆ. ಜಿಮ್ನಿ ನನಗೆ ತುಂಬ ಇಷ್ಟವಾಗಿತ್ತು. ಹಗುರ, ಐದು ಬಾಗಿಲು, 210 ಮಿಲಿಮೀಟರ್ ಎತ್ತರ. ಆದರೆ ಅದರಲ್ಲೂ ನಾಲ್ಕೇ ಸೀಟು. ಐದನೆಯವರು ಯಾರು ಮನೆಯಲ್ಲಿ ಉಳಿಯಬೇಕು? ಯಾರು ಉಳಿಯುತ್ತಾರೆ ಎಂದು ನನಗೆ ಗೊತ್ತಿತ್ತು.

ಆಮೇಲೆ ನಮ್ಮ ದುಡ್ಡಿಗೆ ಸಿಗುವ ಹಳೆಯ ಜೀಪುಗಳು. ಇವುಗಳಲ್ಲಿ ಹಿಂದಿನ ಸೀಟು ಎದುರುಬದುರಾಗಿ ಅಡ್ಡಕ್ಕೆ ಇರುತ್ತದೆ. ಒಂದನ್ನು ಓಡಿಸಿ ನೋಡುವಾಗ ಬ್ರೇಕ್ ಒತ್ತಿದೆ. ಮಗಳು ಸೀಟಿನ ಉದ್ದಕ್ಕೂ ಜಾರಿ ಮುಂದಿನ ಕಂಬಿಗೆ ತಾಗಿದಳು. ಅವಳಿಗೆ ಅದು ಜಾತ್ರೆಯ ತೊಟ್ಟಿಲಿನ ಹಾಗೆ ಖುಷಿ. ನನಗೆ ಹೊಟ್ಟೆಯಲ್ಲಿ ಕಲಸಿದಂತಾಯಿತು. ಅಡ್ಡ ಸೀಟಿನಲ್ಲಿ ಚೈಲ್ಡ್ ಸೀಟ್ ಕಟ್ಟಲಾಗುವುದಿಲ್ಲ. ಇನ್ನೊಂದು ಮಾತು ನೆನಪಿಡಿ: ನಮ್ಮ ದೇಶದಲ್ಲಿ ಚಾಲಕರ ಏರ್‌ಬ್ಯಾಗ್ ಕಡ್ಡಾಯವಾದದ್ದೇ 2019ರ ಜುಲೈಯಲ್ಲಿ. ಅದಕ್ಕಿಂತ ಹಳೆಯ ಗಾಡಿಯಾದರೆ ಏರ್‌ಬ್ಯಾಗ್ ಇದೆಯೇ ಎಂದು ಕೇಳಿ, ಕಣ್ಣಾರೆ ನೋಡಿ.

ಉಳಿದದ್ದು ಸೆಕೆಂಡ್ ಹ್ಯಾಂಡ್ ಡಸ್ಟರ್, ಅದರಲ್ಲೂ ನಾಲ್ಕು ಚಕ್ರ ಎಳೆಯುವ ಎಡಬ್ಲ್ಯೂಡಿ. ಐದು ಸೀಟು, 210 ಮಿಲಿಮೀಟರ್ ಎತ್ತರ, ಅತ್ತೆ ಹತ್ತಿ ಕೂರುವಂಥ ಬಾಗಿಲು. ಜೀಪಿನಲ್ಲಿರುವ ಲೋ ಗೇರ್ ಇದರಲ್ಲಿಲ್ಲ. ಆದರೆ ಮೊದಲ ಗೇರ್ ತುಂಬ ನಿಧಾನದ್ದು, ಏರಿಗೆ ಸಾಕು. ಏರ್‌ಬ್ಯಾಗ್ ಇಲ್ಲದ ಡಸ್ಟರ್‌ಗೆ 2017ರ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಸೊನ್ನೆ ಬಂದಿತ್ತು, ಏರ್‌ಬ್ಯಾಗ್ ಇದ್ದುದಕ್ಕೆ ಮೂರು ಸ್ಟಾರ್. ಅದಕ್ಕೇ ಏರ್‌ಬ್ಯಾಗ್ ಇರುವ ಮಾದರಿಯನ್ನೇ ಹುಡುಕಿದೆವು.

ಇಲ್ಲಿ ನಾನು ಮೋಸ ಹೋಗುವುದರಲ್ಲಿದ್ದೆ. 2024ರ ಸೆಪ್ಟೆಂಬರ್ 1ರಂದು ಬುಡಮೇರು ಉಕ್ಕಿ ವಿಜಯವಾಡದ ಸಿಂಗ್ ನಗರದ ಕಡೆಯೆಲ್ಲ ಮುಳುಗಿದ್ದು ನಿಮಗೆಲ್ಲ ನೆನಪಿದೆ. ನಮ್ಮಲ್ಲೇ ಕೆಲವರು ಮಾಳಿಗೆಯ ಮೇಲೆ ದಿನಗಟ್ಟಲೆ ಕಳೆದಿರಿ. ಆಗ ಸಾವಿರಾರು ವಾಹನಗಳೂ ಮುಳುಗಿದವು. ಕೆಲವು ತಿಂಗಳ ಮೇಲೆ ನಮಗೊಂದು ಗಾಡಿ ಸಿಕ್ಕಿತು. ಪಾಲಿಶ್ ಹೊಳೆಯುತ್ತಿತ್ತು, ಬೆಲೆ ಕಡಿಮೆ. ಟೋಕನ್ ಕೊಡಲು ಫೋನ್ ತೆಗೆದಿದ್ದೆ. ಒಳಗೆ ಕೂತಿದ್ದ ಅತ್ತೆ, "ಇದು ನೆರೆ ಇಳಿದ ಮನೆ ವಾಸನೆ ಕಣೇ" ಎಂದರು. ಆಮೇಲೆ ಸೀಟ್‌ಬೆಲ್ಟನ್ನು ಪೂರ್ತಿ ಹೊರಕ್ಕೆ ಎಳೆದೆ. ಕೊನೆಯ ಒಂದು ಮೊಳದಲ್ಲಿ ಕಂದು ಬಣ್ಣದ ಗೆರೆ. ಸ್ಟೆಪ್ನಿ ಇಡುವ ಗುಂಡಿಯಲ್ಲಿ ಒಣಗಿದ ಕೆಸರು, ಸೀಟಿನ ಕೆಳಗಿನ ಹಳಿಗೆ ತುಕ್ಕು. ಎಂಟೆಕ್ ಮಾಡಿದ ನಾನು ಎಂಜಿನ್ನಿನ ಸದ್ದು ಕೇಳುತ್ತಿದ್ದೆ, ಮಲೆನಾಡಿನ ಅತ್ತೆ ವಾಸನೆ ಹಿಡಿದರು. ನೆರೆ ನೀರು ಕುಡಿದ ಗಾಡಿಯ ವೈರಿಂಗು ಯಾವಾಗ ಕೈಕೊಡುತ್ತದೋ ಹೇಳಲಾಗದು. ಈ ಮೂರು ಜಾಗಗಳನ್ನು ನೀವೂ ನೋಡಿ. ನಿಮ್ಮ ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ.

ಕೊನೆಗೆ ಬೆಂಗಳೂರಿನಲ್ಲಿ ಒಂದು 2017ರ ಗಾಡಿ ಸಿಕ್ಕಿತು. ಆರೂಮುಕ್ಕಾಲು ಲಕ್ಷ. ಹೊರಗಿನ ಮೆಕ್ಯಾನಿಕ್ ಒಬ್ಬರಿಗೆ ಫೀಸು ಕೊಟ್ಟು ಪರೀಕ್ಷೆ ಮಾಡಿಸಿದೆವು. ಉಳಿದ ದುಡ್ಡು ಎಲ್ಲಿ ಹೋಯಿತು ಎಂದು ಹೇಳುತ್ತೇನೆ, ಯಾಕೆಂದರೆ ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ನಾಲ್ಕು ಹೊಸ ಟೈರು, ಎಂಜಿನ್ನಿನ ಟೈಮಿಂಗ್ ಬೆಲ್ಟ್, ಇನ್ಶೂರೆನ್ಸ್, ಮತ್ತೆ ತೆರಿಗೆ. ಕರ್ನಾಟಕದ ಗಾಡಿಯನ್ನು ಆಂಧ್ರದಲ್ಲೇ ಇಟ್ಟುಕೊಳ್ಳುವುದಾದರೆ ಅಲ್ಲಿನ ಆರ್‌ಟಿಒದಿಂದ ಫಾರಂ 28ರ ನಿರಾಕ್ಷೇಪಣಾ ಪತ್ರ ತರಬೇಕು, 12 ತಿಂಗಳೊಳಗೆ ಇಲ್ಲಿ ನೋಂದಣಿ ಮಾಡಿಸಬೇಕು, ಗಾಡಿಯ ವಯಸ್ಸಿಗೆ ತಕ್ಕಂತೆ ಇಲ್ಲಿಯ ತೆರಿಗೆ ಕಟ್ಟಬೇಕು. ಹಿಂದಿನ ಮಾಲೀಕರು ಸಾಲ ತೆಗೆದಿದ್ದರೆ ಅದು ತೀರಿದ ಮೇಲೆ ಬ್ಯಾಂಕು ಕೊಡುವ ಫಾರಂ 35 ಕೇಳಿ ಪಡೆಯಿರಿ. ಎಂಟು ಲಕ್ಷ ಇದ್ದರೆ ಏಳು ಲಕ್ಷದೊಳಗಿನ ಗಾಡಿ ನೋಡಿ, ಇದೇ ನನ್ನ ಲೆಕ್ಕ.

ಹೊಸ ಗಾಡಿ ಕೊಳ್ಳುವವರಿಗೂ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 18ಕ್ಕೆ ಇಳಿದಿದೆ. ಆದರೆ ಅದಕ್ಕೆ ಉದ್ದ ನಾಲ್ಕು ಮೀಟರಿನೊಳಗಿರಬೇಕು, ಜೊತೆಗೆ ಎಂಜಿನ್ ಪೆಟ್ರೋಲಾದರೆ 1200 ಸಿಸಿ, ಡೀಸೆಲ್ಲಾದರೆ 1500 ಸಿಸಿ ಮೀರಬಾರದು. ಉಳಿದ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಶೇ. 40. ಜಿಮ್ನಿ ಪುಟ್ಟದಾಗಿ ಕಂಡರೂ ಅದರ ಎಂಜಿನ್ 1.5 ಲೀಟರ್ ಪೆಟ್ರೋಲ್, ಹಾಗಾಗಿ ಶೇ. 40ರ ಸಾಲಿನಲ್ಲೇ ಬರುತ್ತದೆ.

ಮನೆಗೆ ಎತ್ತರದ ಗಾಡಿ ಬಂದರೆ ಧೈರ್ಯವೂ ಬರುತ್ತದೆ. ಆ ಧೈರ್ಯದ ಬಗ್ಗೆ ಎಚ್ಚರ ಇರಲಿ. ಹರಿಯುವ ನೀರು ಒಂದು ಅಡಿ ಇದ್ದರೆ ಸಣ್ಣ ಕಾರನ್ನು ತೇಲಿಸುತ್ತದೆ. ಎರಡು ಅಡಿ ಇದ್ದರೆ ದೊಡ್ಡ ಗಾಡಿಯನ್ನೂ ಎಳೆದುಕೊಂಡು ಹೋಗಬಲ್ಲದು. ಕಂಪನಿ ಹೇಳುವ ಮಿಲಿಮೀಟರ್ ಲೆಕ್ಕ ಬುಡಮೇರಿಗೆ ಗೊತ್ತಿಲ್ಲ. ನೀರು ಕಂಡರೆ ನಾನು ಈಗಲೂ ಗಾಡಿ ತಿರುಗಿಸುತ್ತೇನೆ. ಹಾಗೆಯೇ, ಕೊಂಡಪಲ್ಲಿಯ ಮೀಸಲು ಅರಣ್ಯ ಇರುವುದು ನಮ್ಮ ಗಾಡಿಯ ತಾಕತ್ತು ನೋಡುವುದಕ್ಕಲ್ಲ.

ಈ ವರ್ಷ ಗೌರಿ ಹಬ್ಬಕ್ಕೆ ಎರಡು ದಿನ ಮೊದಲು ಹೊರಟೆವು. ಅತ್ತೆ ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಬೆಳಿಗ್ಗೆ ನೋಡಿದರೆ ಅವರ ಬ್ಯಾಗು ಬಾಗಿಲ ಬಳಿ ಇತ್ತು. ಬಳ್ಳಾರಿಯಲ್ಲಿ ಉಳಿದುಕೊಂಡು ಮರುದಿನ ಮಧ್ಯಾಹ್ನ ಆ ಏರಿನ ಬುಡ ಮುಟ್ಟಿದೆವು. ಮಳೆ ಹೊಯ್ಯುತ್ತಲೇ ಇತ್ತು. ಗುಂಡಿಯನ್ನು ಲಾಕ್‌ಗೆ ತಿರುಗಿಸಿ, ಮೊದಲ ಗೇರಿನಲ್ಲಿ, ನಡೆಯುವ ವೇಗದಲ್ಲಿ ಬಿಟ್ಟೆ. ಹಿಂದಿನ ವರ್ಷ ಜಾರಿದ ಜಾಗದಲ್ಲಿ ಒಂದು ಚಕ್ರ ಸ್ವಲ್ಪ ಕೆರೆಯಿತು. ನನ್ನ ಅಂಗೈ ಬೆವೆತಿತ್ತು. ಅಷ್ಟರಲ್ಲಿ ಹಿಡಿತ ಸಿಕ್ಕಿತು, ಗಾಡಿ ಹತ್ತಿತು.

ಅಂಗಳದಲ್ಲಿ ನಿಲ್ಲಿಸಿದಾಗ ಯಾರೂ ಮಾತಾಡಲಿಲ್ಲ. ಅತ್ತೆ ತಾವೇ ಬಾಗಿಲು ತೆಗೆದು, ಕಾಲು ಕೆಳಗಿಟ್ಟು, ಒಮ್ಮೆ ಹಿಂದೆ ತಿರುಗಿ ದಾರಿ ನೋಡಿದರು. "ರಸ್ತೆ ಚೆನ್ನಾಗೇ ಇದ್ಯಲ್ಲೇ ಮಾರಾಯ್ತಿ" ಎಂದು ಹೇಳಿ ಸೀದಾ ಅಡುಗೆಮನೆಗೆ ಹೋದರು. ಎಂಟು ಲಕ್ಷಕ್ಕೆ ನನಗೆ ಸಿಕ್ಕಿದ ಸರ್ಟಿಫಿಕೇಟ್ ಅದು.

ಗಾಡಿ ಕೊಳ್ಳುವ ಮೊದಲು ನೀವೂ ಒಂದು ಹಾಳೆ ತೆಗೆದುಕೊಳ್ಳಿ. ಯಾವ ಗಾಡಿ ಎಂದು ಬರೆಯಬೇಡಿ. ಯಾವ ದಾರಿ, ಯಾರ ಮಂಡಿ, ಎಷ್ಟು ಜನ ಎಂದು ಬರೆಯಿರಿ. ಬಣ್ಣ ಕೊನೆಗೆ ನೋಡೋಣ. ಅಂದ ಹಾಗೆ ನಮ್ಮದು ಕಂದು ಬಣ್ಣ. ಕೆಸರು ಕಾಣುವುದಿಲ್ಲ.

ಈಗ ಊಟಕ್ಕೆ ಏಳಬಹುದು.