ದಿವಾಳಿಯಾದವನಿಗೂ ನ್ಯಾಯಾಲಯದ ಬಾಗಿಲು ತೆರೆದಿದೆ



ನಮ್ಮ ಹಳ್ಳಿಗಳಲ್ಲಿ “ಅವನು ಪಾಪರ್ ಆದ” ಎಂದರೆ ಆ ಮನುಷ್ಯನ ಬಾಳೇ ಮುಗಿಯಿತೆಂದು ಜನ ತಿಳಿಯುತ್ತಾರೆ. ಅವನೂ ಹಾಗೆಯೇ ತಿಳಿದು, ತಲೆ ತಗ್ಗಿಸಿ ಮನೆಯ ಮೂಲೆ ಸೇರುತ್ತಾನೆ. ಇಂದು ನಾನು ಹೇಳಬೇಕೆಂದಿರುವುದು ಒಂದೇ ಮಾತು. ದಿವಾಳಿಯಾದವನ ಆಸ್ತಿ ಕೈಬಿಟ್ಟು ಹೋಗಬಹುದು. ಅವನ ಬಾಯನ್ನು ಮಾತ್ರ ಕಾನೂನು ಕಟ್ಟಿಲ್ಲ. ಆದರೆ ಮಾತಾಡುವುದಕ್ಕೆ ವಾಯಿದೆ ಇಟ್ಟಿದೆ.

ಈ ವಿಷಯದಲ್ಲಿ ನಮಗೆ ಸಂಬಂಧಿಸಿದ್ದು 1920ರ ಪ್ರಾಂತೀಯ ದಿವಾಳಿ ಕಾಯಿದೆ. 2016ರಲ್ಲಿ ಹೊಸ ಸಂಹಿತೆ ಬಂದಿತು, ನಿಜ. ಆದರೆ ವ್ಯಕ್ತಿಗಳ ದಿವಾಳಿಗೆ ಸೇರಿದ ಅದರ ಭಾಗ 2019ರಲ್ಲಿ ಜಾರಿಗೆ ಬಂದದ್ದು ಕಂಪೆನಿಗಳ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ.

ಸಾಲ ತೀರಿಸಲಾರದವನು ತಾನೇ ಅರ್ಜಿ ಹಾಕಬಹುದು. ಸಾಲ ಕೊಟ್ಟವನೂ ಹಾಕಬಹುದು. ನ್ಯಾಯಾಲಯವು ದಿವಾಳಿಯೆಂದು ಸಾರಿದೊಡನೆ ಆಸ್ತಿಯೆಲ್ಲ ನ್ಯಾಯಾಲಯದ ಅಥವಾ ಅದು ನೇಮಿಸಿದ ರಿಸೀವರರ ವಶವಾಗುತ್ತದೆ. ಅವರು ಅದನ್ನು ಮಾರಿ, ಬಂದ ಹಣವನ್ನು ಸಾಲ ಕೊಟ್ಟವರಿಗೆ ಹಂಚುತ್ತಾರೆ. ರಿಸೀವರರು ಆಸ್ತಿಯ ಧಣಿಗಳಲ್ಲ, ನ್ಯಾಯಾಲಯದ ಕೈಕೆಳಗಿನವರು. ಇದನ್ನು ನೆನಪಿಡಿ.

ನೀವು ಮಾತಾಡಬಹುದಾದ ಸಂದರ್ಭಗಳು ಮೂರು.

ಮೊದಲನೆಯದು, ಅರ್ಜಿಯ ವಿಚಾರಣೆ. ಸಾಲ ಕೊಟ್ಟವನು ಅರ್ಜಿ ಹಾಕಿದರೆ, ಸಾಲವಿದೆಯೆಂದಷ್ಟೇ ಹೇಳಿದರೆ ಸಾಲದು. ಹಿಂದಿನ ಮೂರು ತಿಂಗಳೊಳಗೆ ನೀವು ಆಸ್ತಿಯನ್ನು ಮೋಸದಿಂದ ಪರಭಾರೆ ಮಾಡಿದಿರಿ, ಇಲ್ಲವೇ ಸಾಲಗಾರರ ಕಣ್ಣು ತಪ್ಪಿಸಲು ಊರು ಬಿಟ್ಟಿರಿ, ಇಂಥದೊಂದನ್ನು ಅವನು ರುಜುವಾತು ಪಡಿಸಬೇಕು. ಸಾಲ ತೀರಿಸುವ ಶಕ್ತಿ ನಿಮಗಿದೆಯೆಂದು ತೋರಿಸಿದರೆ ಅವನ ಅರ್ಜಿ ವಜಾ ಆಗುತ್ತದೆ. ಕಿರುಕುಳಕ್ಕೆಂದೇ ಹಾಕಿದ ಅರ್ಜಿಯಾಗಿದ್ದರೆ 1000 ರೂಪಾಯಿ ಮೀರದಂತೆ ಪರಿಹಾರವನ್ನೂ ನ್ಯಾಯಾಲಯ ಕೊಡಿಸಬಹುದು. ಆದೇಶ ನಿಮಗೆ ವಿರುದ್ಧವಾದರೆ ಅಪೀಲು ಉಂಟು: ಕೆಳಗಿನ ನ್ಯಾಯಾಲಯದಿಂದ ಜಿಲ್ಲಾ ನ್ಯಾಯಾಲಯಕ್ಕೆ 30 ದಿನಗಳೊಳಗೆ, ಜಿಲ್ಲಾ ನ್ಯಾಯಾಲಯದಿಂದ ಹೈಕೋರ್ಟಿಗೆ 90 ದಿನಗಳೊಳಗೆ.

ಎರಡನೆಯದು, ರಿಸೀವರರ ಮೇಲಿನ ದೂರು. ಒಬ್ಬ ರೈತನ ಜೋಡೆತ್ತು, ನೇಗಿಲು, ಬಿತ್ತನೆ ಬೀಜಗಳನ್ನು ರಿಸೀವರರು ಪಟ್ಟಿಗೆ ಸೇರಿಸಿದರೆನ್ನಿ. “ಪಾಪರ್ ಆದವನು ನಾನು, ಕೇಳುವುದೇನು” ಎಂದು ಅವನು ಸುಮ್ಮನಾದರೆ ಮುಂದಿನ ಮಳೆಗೆ ಹೊಲ ಉಳುವುದು ಹೇಗೆ? ಬೇಸಾಯದ ಉಪಕರಣ, ಜೀವನೋಪಾಯಕ್ಕೆ ಬೇಕೆಂದು ನ್ಯಾಯಾಲಯ ಒಪ್ಪುವ ದನ ಮತ್ತು ಬೀಜ, ರೈತನು ವಾಸಿಸುವ ಸ್ವಂತ ಮನೆ, ಅಡಿಗೆಯ ಪಾತ್ರೆ, ಹಾಸಿಗೆ, ಉಡುವ ಬಟ್ಟೆ ಇವು ಜಪ್ತಿಗೆ ಒಳಪಡುವುದಿಲ್ಲ. ಆದ್ದರಿಂದ ದಿವಾಳಿಯ ಆಸ್ತಿಗೂ ಸೇರುವುದಿಲ್ಲ. ಆದರೆ ಅಡವಿಟ್ಟ ವಸ್ತುವಿನ ಮೇಲೆ ಅಡವು ಹಿಡಿದವನ ಹಕ್ಕು ಉಳಿದೇ ಇರುತ್ತದೆ. ರಿಸೀವರರ ಕೆಲಸದಿಂದ ಅನ್ಯಾಯವಾದರೆ ದಿವಾಳಿಯಾದವನೇ ನ್ಯಾಯಾಲಯಕ್ಕೆ ಅರ್ಜಿ ಕೊಡಬಹುದೆಂದು ಕಾಯಿದೆಯ 68ನೆಯ ಕಲಮು ಬಾಯಿಬಿಟ್ಟು ಹೇಳಿದೆ. ವಾಯಿದೆ 21 ದಿನ ಮಾತ್ರ. ಇಪ್ಪತ್ತೆರಡನೆಯ ದಿನ ಹೋದರೆ ಅರ್ಜಿ ತೆಗೆದುಕೊಳ್ಳುವುದಿಲ್ಲ.

ಮೂರನೆಯದು, ದಿವಾಳಿಯನ್ನೇ ರದ್ದು ಮಾಡಿಸುವುದು. ದಿವಾಳಿಯೆಂದು ಸಾರಿದ್ದೇ ತಪ್ಪೆಂದು ಕಂಡುಬಂದರೆ, ಇಲ್ಲವೇ ಸಾಲವೆಲ್ಲ ಪೂರ್ತಿ ತೀರಿದರೆ, ಆದೇಶ ರದ್ದಾಗಬೇಕು. ಸಾಲ, ಬಡ್ಡಿ, ಖರ್ಚು ಕಳೆದು ಮಿಕ್ಕಿದ ಹಣ ನಿಮ್ಮದೇ. ಅದರ ಲೆಕ್ಕ ಕೇಳಲು ಸಂಕೋಚ ಬೇಡ.

ಇಷ್ಟು ಹೇಳಿದೆನೆಂದು ಎಲ್ಲಕ್ಕೂ ತಕರಾರು ಹೂಡಬೇಡಿ. ಹರಾಜಿನಲ್ಲಿ ಬೆಲೆ ಕಡಿಮೆ ಬಂತೆಂಬ ಗೊಣಗಾಟ ಸಾಲದು. ತಪ್ಪೇನು ನಡೆಯಿತೆಂದು ಕಾಗದಪತ್ರ ಮುಂದಿಟ್ಟು ತೋರಿಸಬೇಕು. ಆಸ್ತಿ ಬಚ್ಚಿಟ್ಟರೆ, ಲೆಕ್ಕ ಮರೆಸಿದರೆ ಒಂದು ವರ್ಷದವರೆಗೆ ಸೆರೆವಾಸವೂ ಆದೀತು. ಇನ್ನೊಂದು ಎಚ್ಚರಿಕೆ: ಸಾಲದಿಂದ ಬಿಡುಗಡೆ ಕೋರಿ ಅರ್ಜಿ ಹಾಕಲು ನ್ಯಾಯಾಲಯ ಒಂದು ಅವಧಿ ಗೊತ್ತುಮಾಡಿರುತ್ತದೆ. ಅದನ್ನು ಮರೆತರೆ ಬಿಡುಗಡೆಯೂ ಇಲ್ಲ, ದಿವಾಳಿಯ ರಕ್ಷಣೆಯೂ ಇಲ್ಲ. ಸಾಲದವರು ಮತ್ತೆ ಬಾಗಿಲಿಗೆ ಬರುತ್ತಾರೆ.

ಆದುದರಿಂದ, ನ್ಯಾಯಾಲಯದಿಂದಾಗಲಿ ರಿಸೀವರರಿಂದಾಗಲಿ ಕಾಗದ ಬಂದರೆ ಸೂರಿಗೆ ಸಿಕ್ಕಿಸಿಡಬೇಡಿ. ಓದು ಬಾರದಿದ್ದರೆ ಶಾಲೆ ಕಲಿತ ಮಕ್ಕಳಿಂದ ಓದಿಸಿ, ಕೈಸೇರಿದ ತಾರೀಖನ್ನು ಅದರ ಮೇಲೆಯೇ ಬರೆಸಿ, ಆ ವಾರದಲ್ಲೇ ವಕೀಲರನ್ನು ಕಾಣಿರಿ. ಹಣವಿಲ್ಲದವರು ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿರಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಡಿಮೆ ವರಮಾನದವರಿಗೆ 1987ರ ಕಾಯಿದೆಯಂತೆ ಉಚಿತ ನೆರವು ಸಿಗುತ್ತದೆ.

ಬೆಳೆ ಹೋದ ವರ್ಷ ಸಾಲವಾಗುವುದು ಯಾರಿಗೂ ತಪ್ಪಿದ್ದಲ್ಲ. ಅದಕ್ಕೆ ನಾಚಿ ಕೂತು ವಾಯಿದೆ ಕಳೆದುಕೊಳ್ಳಬೇಡಿ. ನಿಮ್ಮ ನೆರೆಯಲ್ಲಿ ಇಂಥ ಕಷ್ಟದಲ್ಲಿರುವವರಿದ್ದರೆ ಇಂದು ಸಂಜೆಯೇ ಅವರ ಮನೆಗೆ ಹೋಗಿ ಈ ಮಾತು ತಿಳಿಸಿರಿ.